ಸಂಖ್ಯೆಗಳಿಗೆ ಮನೆ ಕಟ್ಟಿದವಳು

ಅವಳ ಶ್ರದ್ಧಾಂಜಲಿ ಸಭೆಯಲ್ಲಿ ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು. ಅಜ್ಜಂಪುರದ ನಮ್ಮ ಹಳೆಯ ಹೈಸ್ಕೂಲಿನ ಹಾಲ್‌ನಲ್ಲಿ ಸಭೆ. ಮೇಜಿನ ಮೇಲೆ ಅವಳ ಫೋಟೋ, ಅದಕ್ಕೊಂದು ಸೇವಂತಿಗೆ ಹಾರ. ಈಗಿನ ಹೆಡ್‌ಮಾಸ್ತರರು ಎದ್ದು ನಿಂತು, "ಮೇಡಂ ಅವರಿಗೆ ಕೊನೆಯುಸಿರಿನ ತನಕ ಮಗ್ಗಿಯೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು" ಎಂದರು. ಹಾಲ್ ತುಂಬ ಜನ ತಲೆದೂಗಿದರು. ನನಗೆ ಕೆಮ್ಮು ಹತ್ತಿಕೊಂಡಿತು. ಪಕ್ಕದಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು, ಪಾಪ, ಅಳುತ್ತಿದ್ದೇನೆ ಅಂದುಕೊಂಡು ಬೆನ್ನು ಸವರಿದರು.

ಆಮೇಲೆ ಅವಳ ಕೊನೆಯ ಬ್ಯಾಚಿನ ಹುಡುಗಿಯೊಬ್ಬಳು ಮೈಕ್ ಹಿಡಿದಳು. "ಮೇಡಂ ನಮಗೆ ಒಂದಿನಾನೂ ಉತ್ತರ ಹೇಳಿಕೊಡಲಿಲ್ಲ. ಎಲ್ಲಾನೂ ನಮ್ಮ ಬಾಯಲ್ಲೇ ಹೇಳಿಸ್ತಿದ್ರು. ಅದು ಅವರ ಮೆಥಡ್ಡು" ಅಂದಳು. ಜನ ಚಪ್ಪಾಳೆ ತಟ್ಟಿದರು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಅಂತ ಯಾರಿಗೂ ನೆನಪಾಗಲಿಲ್ಲ. ನಾನು ಮಾತ್ರ ಕೈ ಮಡಚಿಕೊಂಡು ಕೂತಿದ್ದೆ.

ಈಗ ಹೇಳಬಹುದು. ಕೊನೆಯ ಎರಡು ವರ್ಷ ಅವಳಿಗೆ ಮಗ್ಗಿಯ ಮಾತು ಹಾಗಿರಲಿ, ಐದು ದೊಡ್ಡದೋ ಎಂಟು ದೊಡ್ಡದೋ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಇದು ಗೊತ್ತಿದ್ದದ್ದು ನನಗೊಬ್ಬಳಿಗೆ. "ನಾನಿರೋ ತನಕ ಬಾಯಿ ಬಿಡಬೇಡ ಕಣೇ" ಅಂದಿದ್ದಳು. ಅವಳು ಈಗ ಇಲ್ಲ.

ಅವಳನ್ನು ಏಕವಚನದಲ್ಲೇ ಬರೆಯುತ್ತೇನೆ. ಬಹುವಚನ ಹಚ್ಚಿದರೆ ಫೋಟೋದಿಂದ ಎದ್ದು ಬಂದು ಬೈದಾಳು.

ಇಬ್ಬರೂ ಆಗ ತರೀಕೆರೆಯಲ್ಲಿದ್ದೆವು, ಅಜ್ಜಂಪುರಕ್ಕೆ ದಿನಾ ಬಸ್ಸು. ಅವಳು ಗಣಿತ ಹೇಳಿಕೊಡುತ್ತಿದ್ದಳು, ನಾನು ಕನ್ನಡ. ಪರಿಚಯವಾದ ಮೊದಲ ವಾರವೇ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎಷ್ಟು ಬಂದಿತ್ತು ಅಂತ ಕೇಳಿದಳು. ಮೂವತ್ತೈದು ಅಂದೆ. ಅದೂ ಯಾರೋ ಪುಣ್ಯಾತ್ಮರು ಕೊಟ್ಟ ಮೂವತ್ತೈದು. ಅವತ್ತಿನಿಂದ ನನ್ನ ಹೆಸರೇ ಮೂವತ್ತೈದು ಆಗಿಹೋಯಿತು. "ಏನೇ ಮೂವತ್ತೈದು, ಚಟ್ನಿ ತಂದಿದೀಯಾ?" "ಮೂವತ್ತೈದು, ಈ ಕಡೆ ಸರಿಯೇ." ಸ್ಟಾಫ್ ರೂಮಿನಲ್ಲಿ ಬೇರೆಯವರೂ ಹಾಗೇ ಕರೆಯೋದಕ್ಕೆ ನೋಡಿದರು. ಅವರಿಗೆ ಮಾತ್ರ ಬಿಡಲಿಲ್ಲ. "ಅದು ನಾನು ಇಟ್ಟಿರೋ ಹೆಸರು" ಅಂತ ಅವಳೇ ಗದರಿದಳು.

ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಬೋರ್ಡು ಓದಿದರೆ ಅವಳು ನಂಬರ್ ಪ್ಲೇಟ್ ಓದುತ್ತಿದ್ದಳು. ಸಮವೋ ಬೆಸವೋ, ಮೂರರಿಂದ ಭಾಗವಾಗುತ್ತದೋ ಇಲ್ಲವೋ, ಅಥವಾ ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದಕ್ಕೂ ಬಗ್ಗದ ಅವಿಭಾಜ್ಯವೋ ಅಂತ ಹೇಳಿಯೇ ಮೆಟ್ಟಿಲು ಹತ್ತಬೇಕು. ಡ್ರೈವರಿಗೂ ಅಭ್ಯಾಸವಾಗಿತ್ತು. "ಇವತ್ತಿನ ಗಾಡಿ ಹೆಂಗೆ ಮೇಡಂ?" ಅಂತ ಕೇಳುತ್ತಿದ್ದ. "ಮೂರರಿಂದ ಭಾಗ ಆಗುತ್ತೆ, ನಡಿಯಪ್ಪ" ಅನ್ನುತ್ತಿದ್ದಳು. ಅವಿಭಾಜ್ಯ ಬಸ್ಸು ಬಂದ ದಿನ ಅವಳ ಮುಖ ನೋಡಬೇಕಿತ್ತು. ಅಂಥ ದಿನ ಕಡಲೆಕಾಯಿ ಅವಳ ಖರ್ಚು.

ಮಕ್ಕಳು ಅವಳಿಗೆ ಇಟ್ಟ ಹೆಸರು ಮನೆ ಮೇಡಂ. ಯಾವ ಲೆಕ್ಕ ಹಾಕಿದರೂ ಮೊದಲು, "ಇವನು ಯಾವ ಮನೆಯೋನು?" ಅಂತ ಕೇಳೋದು ಅವಳ ಕ್ರಮ. ಮನೆ ಗೊತ್ತಾಗದೆ ಲೆಕ್ಕಕ್ಕೆ ಕೈ ಹಾಕುವ ಹಾಗಿಲ್ಲ. ಎಂಟನೇ ಕ್ಲಾಸಿಗೆ ಹೊಸ ಮಕ್ಕಳು ಬಂದ ವರ್ಷದ ಮೊದಲಲ್ಲಿ ಅಂಗಳಕ್ಕೆ ಕರೆದುಕೊಂಡು ಹೋಗಿ ರಂಗೋಲಿ ಪುಡಿಯಲ್ಲಿ ಮನೆ ಕಟ್ಟಿಸುತ್ತಿದ್ದಳು. ಮಕ್ಕಳ ಕೊರಳಿಗೆ ದಾರ ಹಾಕಿದ ರಟ್ಟು, ರಟ್ಟಿನ ಮೇಲೆ ಒಂದೊಂದು ಸಂಖ್ಯೆ. ಒಂದು, ಎರಡು, ಮೂರು ಅಂತ ಎಣಿಸುವವರೆಲ್ಲ ನಡುವಿನ ಸಣ್ಣ ಮನೆಗೆ. ಅದು ಸ್ವಾಭಾವಿಕ ಸಂಖ್ಯೆಗಳ ಮನೆ. ಸೊನ್ನೆಯ ರಟ್ಟು ಹಾಕಿಕೊಂಡವಳು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವಳಿಗೆ ಒಳಗೆ ಜಾಗವಿಲ್ಲ.

"ಹಂಗಂತ ಗೋಡೆ ಒಡೀಬೇಡ್ರೋ. ಹೊರಗಡೆ ಒಂದು ದೊಡ್ಡ ಮನೆ ಕಟ್ಟಿ" ಅನ್ನುತ್ತಿದ್ದಳು. ಸೊನ್ನೆಯೂ ಸೇರಿ ಅದು ಪೂರ್ಣ ಸಂಖ್ಯೆಗಳ ಮನೆ. ಮೂರರಲ್ಲಿ ಐದು ಕಳೆದು ಬಂದ ಋಣ ಸಂಖ್ಯೆಗಳಿಗೆ ಅದರಾಚೆ ಇನ್ನೊಂದು, ಪೂರ್ಣಾಂಕಗಳ ಮನೆ. ಅರ್ಧ, ಕಾಲು, ಮುಕ್ಕಾಲುಗಳು ಬಂದರೆ ಅದಕ್ಕೂ ಆಚೆ ಭಾಗಲಬ್ಧ ಸಂಖ್ಯೆಗಳ ಮನೆ. ಒಂದು ವರ್ಷ ಬುಕ್ಕಾಂಬುಧಿಯಿಂದ ಬರುತ್ತಿದ್ದ ಹುಡುಗಿಗೆ ಎರಡರ ವರ್ಗಮೂಲದ ರಟ್ಟು ಸಿಕ್ಕಿತ್ತು. ಅದು ಅಭಾಗಲಬ್ಧ, ಯಾವ ಭಿನ್ನರಾಶಿಯಾಗಿಯೂ ಬರೆಯಲಿಕ್ಕೆ ಆಗದ್ದು. ಹಾಗಾಗಿ ಅವಳೊಬ್ಬಳೇ ಹೊಂಗೆ ಮರದ ಕೆಳಗೆ ನಿಂತಿದ್ದಳು. ನಿಂತಲ್ಲೇ ಅಳು ಶುರು.

"ನಾನ್ಯಾಕೆ ಮೇಡಂ ಹೊರಗೆ?"

ಇವಳು ರಂಗೋಲಿ ಡಬ್ಬಿ ನೋಡಿದಳು, ಖಾಲಿ. ಸುತ್ತ ಕೈ ಬೀಸಿ, "ಶಾಲೆ ಕಾಂಪೌಂಡೇ ಗೋಡೆ ಕಣಮ್ಮಾ. ಇದು ವಾಸ್ತವ ಸಂಖ್ಯೆಗಳ ಮನೆ. ನೀನೂ ಒಳಗೇ ಇದೀಯ, ಅವರೂ ಒಳಗೇ ಇದಾರೆ" ಅಂದಳು. ಹುಡುಗಿ ಮೂಗು ಒರೆಸಿಕೊಂಡು ನಕ್ಕಳು. ನಾನು ಒಂಬತ್ತನೇ ಕ್ಲಾಸಿನ ಕಿಟಕಿಯಿಂದ ನೋಡುತ್ತ ಸಂಧಿ ಪಾಠ ಮರೆತು ನಿಂತಿದ್ದೆ.

ಇದೇ ಅಂಗಳದಲ್ಲಿ ಇನ್ನೊಂದು ಸಲ, ತಪಾಸಣೆಗೆ ಬಂದಿದ್ದ ಒಬ್ಬ ಸಾಹೇಬರು ಸೊನ್ನೆಯ ರಟ್ಟಿನ ಹುಡುಗಿಯನ್ನು ನಿಲ್ಲಿಸಿ, "ನೀನು ಯಾರ ಪೈಕಿ?" ಅಂದರು. ನಮ್ಮ ಕಡೆ ಆ ಪ್ರಶ್ನೆ ಯಾತಕ್ಕೆ ಕೇಳುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ. ಮಗು ತಲೆ ತಗ್ಗಿಸಿತು. ಇವಳು ನಡುವೆ ಬಂದು ನಿಂತು, "ಅವಳು ಪೂರ್ಣ ಸಂಖ್ಯೆ ಪೈಕಿ ಸಾರ್. ಮುಂದಿನ ಪ್ರಶ್ನೆ ಕೇಳಿ" ಅಂದಳು. ಸಾಹೇಬರ ಮುಖ ಕೆಂಪಗಾಯಿತು, ನಮ್ಮ ಹೆಡ್‌ಮಾಸ್ತರರ ಮುಖ ಬೆಳ್ಳಗಾಯಿತು. ಸಂಜೆ ಬಸ್ಸಿನಲ್ಲಿ, "ಅವನು ಏನಾದ್ರೂ ಬರೆದುಬಿಟ್ರೆ ಏನೇ ಗತಿ?" ಅಂತ ನಾನು ಹೆದರಿ ಸಾಯುತ್ತಿದ್ದೆ.

"ಬರ್ಕೊಳ್ಳಿ. ಆ ಪ್ರಶ್ನೆ ಸಂಖ್ಯೆಗೆ ಕೇಳೋದು ಕಣೇ, ಮಕ್ಕಳಿಗಲ್ಲ. ನಮ್ಮಪ್ಪನ್ನ ಕಡೂರಲ್ಲಿ ಬದುಕಿರೋ ತನಕ ಕೇಳಿದ್ರು" ಅಂದವಳು ಕಿಟಕಿ ಕಡೆ ತಿರುಗಿದಳು. ಅವಳ ಮನೆಯ ನಡುಕೋಣೆಯಲ್ಲಿ ಬುದ್ಧನ ಪಟವೊಂದಿತ್ತು, ಅಪ್ಪ ಇಟ್ಟದ್ದು. ಆ ವಿಷಯ ಅವಳು ಎತ್ತಿದ್ದು ಅದೊಂದೇ ಸಲ.

ಪಾಠದಲ್ಲಿ ಅವಳ ನಾಲಿಗೆ ಅಡುಗೆಮನೆಯಲ್ಲೂ ಆಡುತ್ತಿತ್ತು, ಬೀರುವಿನಲ್ಲೂ ಆಡುತ್ತಿತ್ತು. "ಸಾರಿಗೆ ಉಪ್ಪು ಹಾಕಿ ಖಾರ ಹಾಕಿದ್ರೂ ಅಷ್ಟೇ, ಖಾರ ಹಾಕಿ ಉಪ್ಪು ಹಾಕಿದ್ರೂ ಅಷ್ಟೇ. ಅದು ಸಂಕಲನ. ಪರಿವರ್ತನೀಯ. ಸ್ನಾನ ಮಾಡಿ ಬಟ್ಟೆ ಹಾಕ್ಕೊಳ್ಳೋದು ವ್ಯವಕಲನ. ಎಲ್ಲಿ, ಉಲ್ಟಾ ಮಾಡ್ರೋ ನೋಡೋಣ!" ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ನಕ್ಕವರು ಆಮೇಲೆ ಮರೆಯುತ್ತಿರಲಿಲ್ಲ. ಹಾಗಂತ ಸಾಧು ಅಂದುಕೊಳ್ಳಬೇಡಿ. ಕೋಪ ಬಂದರೆ ಸೀಮೆಸುಣ್ಣ ಹಾರುತ್ತಿತ್ತು. ನನ್ನ ಕವಿತೆಯೊಂದು ಪತ್ರಿಕೆಯಲ್ಲಿ ಬಂದಾಗ ಓದಿ, "ಇದರಲ್ಲಿ ಸಾಲುಗಳನ್ನ ಹೆಂಗೆ ಬೇಕಾದ್ರೂ ಅದಲು ಬದಲು ಮಾಡಬಹುದಲ್ಲೇ" ಅಂದಿದ್ದಳು. ಒಂದು ವಾರ ಮಾತು ಬಿಟ್ಟಿದ್ದೆ. ಪರೀಕ್ಷಿಸಿ ನೋಡಿದರೆ ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೆ ಇನ್ನೂ ಸಿಟ್ಟು ಬಂದಿತ್ತು.

ನಿವೃತ್ತಿಯಾದ ಮೇಲೆ ಮೇಷ್ಟ್ರುಗಳು ಶಾಲೆಯ ಊರು ಬಿಡುತ್ತಾರೆ. ಇವಳು ತರೀಕೆರೆ ಬಿಟ್ಟು ಶಾಲೆಯ ಊರಿಗೇ ಹೋದಳು. ಮದುವೆ ಮಾಡಿಕೊಂಡಿರಲಿಲ್ಲ, ಕೇಳುವವರೂ ಇರಲಿಲ್ಲ. ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಹತ್ತಿರ ಬಾಡಿಗೆಗೆ ಒಂದು ಮನೆ, ಮುಂದೆ ಜಗುಲಿ, ಜಗುಲಿಯ ಗೋಡೆಗೆ ಕಪ್ಪು ಬಣ್ಣ ಬಳಿಸಿ ಮಾಡಿಕೊಂಡ ಬೋರ್ಡು. ಗಣಿತದಲ್ಲಿ ಫೇಲಾದ ಮಕ್ಕಳು ಸಂಜೆ ಬರುತ್ತಿದ್ದರು. ಫೀಸು ಗೀಸು ಏನೂ ಇಲ್ಲ. "ನನಗೆ ಸಂಜೆ ಹೊತ್ತು ಹೋಗಬೇಕಲ್ಲ" ಅನ್ನುತ್ತಿದ್ದಳು. ಹೊತ್ತು ಹೋಗುವುದಲ್ಲ, ಅವಳ ಜೀವವೇ ಆ ಜಗುಲಿಯಲ್ಲಿತ್ತು.

ಅವಳಿಗೆ ಸಣ್ಣದಾಗಿ ಸ್ಟ್ರೋಕ್ ಆಯಿತಂತೆ ಅಂತ ಸುದ್ದಿ ಬಂದಾಗ ನಾನು ಮಗಳ ಬಾಣಂತನದಲ್ಲಿದ್ದೆ. ಹೋಗುವಷ್ಟರಲ್ಲಿ ಅವಳು ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ವಾಪಸಾಗಿದ್ದಳು. ಬಾಯಿ ಸೊಟ್ಟಗಾಗಿರುತ್ತದೆ, ಕೈ ಎತ್ತಲಾಗುವುದಿಲ್ಲ ಅಂತ ಬಸ್ಸಿನುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಬಾಗಿಲು ತೆರೆದವಳು ನೆಟ್ಟಗೆ ನಿಂತಿದ್ದಳು. ತಲೆ ಬಾಚಿ ಸೀರೆ ನೆರಿಗೆ ಹಿಡಿದು ಉಟ್ಟಿದ್ದಳು. ಅಬ್ಬಾ ಅನ್ನಿಸಿತು.

"ಬಾರೇ" ಅಂದಳು. ಆಮೇಲೆ ಏನೋ ಹುಡುಕುವವಳ ಹಾಗೆ ನನ್ನ ಮುಖ ನೋಡಿದಳು. ಕೊನೆಗೆ ನನ್ನ ಹೆಸರು ಹಿಡಿದು, ನಮ್ಮಪ್ಪ ಅಮ್ಮ ಇಟ್ಟ ಹೆಸರು ಹಿಡಿದು, "ಬಾ, ಕೂತ್ಕೋ" ಅಂದಳು. ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿದ್ದೇ ಇಲ್ಲ. ಯಾರನ್ನೋ ಕರೆಯುತ್ತಿದ್ದಾಳೆ ಅನ್ನಿಸಿತು.

ಮಾತಿಗೇನೂ ಕಮ್ಮಿಯಿಲ್ಲ. ಆಸ್ಪತ್ರೆಯ ಇಡ್ಲಿಯನ್ನು ಬೈದಳು, ನನ್ನ ಅಳಿಯನನ್ನು ವಿಚಾರಿಸಿದಳು, ನನ್ನ ಮೊಮ್ಮಗಳಿಗೆ ಇಟ್ಟ ಹೆಸರು ಚೆನ್ನಾಗಿಲ್ಲ ಅಂದಳು. ಹಳೆಯವಳೇ. ಟೀ ಮಾಡುತ್ತೇನೆಂದು ಒಳಗೆ ಹೋದಳು, ನಾನೂ ಹಿಂದೆ ಹೋದೆ.

"ಸಕ್ಕರೆ ಎಷ್ಟು ಬೇಕು ನಿಂಗೆ?"

"ಎರಡು ಚಮಚ. ಗೊತ್ತಿಲ್ವೇನೇ?"

ಅವಳು ಚಮಚ ಹಿಡಿದುಕೊಂಡು ನಿಂತಳು. ಒಂದು ಚಮಚ ಹಾಕಿದಳು. ಲೋಟ ನೋಡಿದಳು, ನನ್ನನ್ನು ನೋಡಿದಳು. "ನಾನು ಹಾಕ್ತಾ ಹೋಗ್ತೀನಿ. ನೀನು ಸಾಕು ಅನ್ನು" ಅಂದಳು.

ತಮಾಷೆ ಅಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಸ್ಟವ್ ಆರಿಸಿ, ಗೋಡೆಗೆ ಒರಗಿ, ತರಕಾರಿಯ ಬೆಲೆ ಕೇಳುವಷ್ಟು ಸಾಮಾನ್ಯವಾಗಿ, "ನಂಗೆ ಸಂಖ್ಯೆ ಹೊರಟುಹೋಗಿವೆ ಕಣೇ" ಅಂದಳು.

ನನಗೆ ಅರ್ಥವಾಗಲಿಲ್ಲ. ಸಂಖ್ಯೆ ಎಲ್ಲಿಗೆ ಹೋಗುತ್ತವೆ? ಗೋಡೆಯ ಗಡಿಯಾರ ತೋರಿಸಿದಳು. ಮುಳ್ಳು ಕಾಣುತ್ತದೆ, ಗಂಟೆ ತಿಳಿಯುವುದಿಲ್ಲ. ಐದು ಅನ್ನುವ ಮಾತು ಗೊತ್ತು, ಎಂಟು ಅನ್ನುವ ಮಾತೂ ಗೊತ್ತು, ಯಾವುದು ದೊಡ್ಡದು ಗೊತ್ತಿಲ್ಲ. ಬಸ್ಸಿನ ನಂಬರ್ ಬರೀ ಗೀಟು. ಎರಡಕ್ಕೆ ಮೂರು ಕೂಡಿದರೆ ಎಷ್ಟು ಅಂತ ನಾನು ಹುಚ್ಚಿಯ ಹಾಗೆ ಕೇಳಿಯೇಬಿಟ್ಟೆ. ಅವಳು ತುಂಬ ಹೊತ್ತು ಯೋಚಿಸಿದಳು. ಹಣೆಯಲ್ಲಿ ಬೆವರು ಬಂತು. "ಗೊತ್ತಿಲ್ಲ" ಅಂದಳು. ಎದುರಿಗೆ ನಿಂತು ಮಾತಾಡುತ್ತಿರುವವಳೊಳಗಿಂದ ಅವಳ ಇಡೀ ಬದುಕು ಎದ್ದು ಹೋಗಿದೆ, ಮಿಕ್ಕದ್ದೆಲ್ಲ ಇದ್ದಲ್ಲೇ ಇದೆ. ದೇವರಿಗೆ ಕಿತ್ತುಕೊಳ್ಳಲು ಬೇರೇನೂ ಸಿಗಲಿಲ್ಲವೇ ಅಂತ ಅಲ್ಲೇ ಅತ್ತುಬಿಟ್ಟೆ.

"ಅಳಬೇಡ ಸುಮ್ನಿರು. ಒಂದು ವಿಚಿತ್ರ ಕೇಳು" ಅಂದಳು. "ಎರಡೂ ಮೂರೂ ಸೇರಿ ಎಷ್ಟು ಅಂತ ಗೊತ್ತಿಲ್ಲ. ಆದ್ರೆ ಮೂರೂ ಎರಡೂ ಸೇರಿದ್ರೂ ಅದೇ ಬರುತ್ತೆ ಅಂತ ಗೊತ್ತು. ಹೆಂಗೆ ಗೊತ್ತು ಅಂತ ಕೇಳಬೇಡ. ಗೊತ್ತು, ಅಷ್ಟೇ. ಮನೆಗಳೆಲ್ಲ ಇವೆ ಕಣೇ. ಒಳಗಿದ್ದ ಜನ ಇಲ್ಲ."

ಅವಳ ತಂಗಿ ಕಡೂರಿನಲ್ಲಿದ್ದಾಳೆ. ಒಳ್ಳೆಯವಳು, ಆದರೆ ಗಾಬರಿ ಜಾಸ್ತಿ. ಆಸ್ಪತ್ರೆಯಲ್ಲಿ ಡಾಕ್ಟರು ನೂರರಲ್ಲಿ ಏಳು ಕಳೆಯಿರಿ ಅಂದದ್ದಕ್ಕೆ ಅಕ್ಕ ಬಾಯಿ ಬಿಡಲಿಲ್ಲವೆಂದು ಅವಳಿಗೆ ದಿಗಿಲು ಹುಟ್ಟಿತ್ತು. ಮನೆ ಖಾಲಿ ಮಾಡಿಸಿ, ಪಾಠ ನಿಲ್ಲಿಸಿ, ಕಡೂರಿಗೆ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದಿದ್ದಳು. "ಸುಸ್ತಾಗಿತ್ತು, ಅದಕ್ಕೆ ಸುಮ್ನಿದ್ದೆ" ಅಂತ ಇವಳು ಸುಳ್ಳು ಹೇಳಿದ್ದಳು. ತಂಗಿ ನಂಬಿರಲಿಲ್ಲ. ಅವತ್ತೇ ನನಗೆ ಫೋನ್ ಮಾಡಿದಳು.

"ನೋಡ್ರೀ, ಅವಳ ಮಾತು ನಾನು ನಂಬಲ್ಲ. ನೀವೊಂದಿನ ಪಾಠ ಮಾಡೋವಾಗ ಕೂತು ನೋಡಿ. ಲೆಕ್ಕ ಬಂದ್ರೆ ಇರ್ಲಿ. ಬರ್ದಿದ್ರೆ ಮಕ್ಕಳ ಮುಂದೆ ಯಾಕೆ ಮರ್ಯಾದೆ ಕಳ್ಕೋಬೇಕು? ನೀವು ಹೇಳಿದ್ದೇ ಫೈನಲ್ಲು."

ಇದನ್ನು ಇವಳಿಗೆ ಹೇಳಿದೆ. "ಕಡೂರಿಗೆ ಹೋಗಿ ಏನು ಮಾಡ್ಲಿ? ಟಿವಿ ಮುಂದೆ ಕೂತು ಸಾಯ್ಲಾ?" ಅಂದಳು. ಆಮೇಲೆ ಮೆಲ್ಲಗೆ, "ನಾಳೆ ಬಾ" ಅಂದಳು.

ಮರುದಿನ ಸಂಜೆ ಜಗುಲಿಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಮಕ್ಕಳು ಚಾಪೆಯ ಮೇಲೆ. ಸೀಮೆಸುಣ್ಣವನ್ನು ಅವಳು ಮುಟ್ಟಲೇ ಇಲ್ಲ. ಜಡೆ ಎಳೆದು ಕಟ್ಟಿದ ಹುಡುಗಿಯೊಬ್ಬಳಿಗೆ ಕೊಟ್ಟಳು. ಮೈಕ್ ಹಿಡಿದು ಮೆಥಡ್ಡು ಅಂದವಳು ಅದೇ ಹುಡುಗಿ.

"ಬರಿಯೇ. ಹದಿನೆಂಟು ಗುಣಿಸು ಏಳು." ಪುಸ್ತಕದಲ್ಲಿದ್ದದ್ದನ್ನು ಮೊದಲೇ ಒಬ್ಬರಿಂದ ಜೋರಾಗಿ ಓದಿಸಿ ಕೇಳಿಸಿಕೊಂಡಿದ್ದಳು. "ಹದಿನೆಂಟನ್ನ ಹಂಗೇ ಎತ್ತಕ್ಕಾಗಲ್ಲ, ಭಾರ. ಒಡೀರಿ."

"ಹತ್ತು, ಎಂಟು ಮೇಡಂ."

"ಇಬ್ರನ್ನೂ ಬೇರೆ ಬೇರೆ ಏಳರ ಹತ್ರ ಕಳಿಸಿ. ಆಮೇಲೆ ಕೂಡಿ. ಏನಂತಾರೆ ಈ ನಿಯಮಕ್ಕೆ?"

"ವಿಭಾಜಕ ನಿಯಮ" ಅಂತ ಎಲ್ಲರೂ ಕೂಗಿದರು.

"ಹತ್ತಕ್ಕೆ ಏನು ಬಂತು?"

"ಎಪ್ಪತ್ತು."

"ಎಂಟಕ್ಕೆ?"

"ಐವತ್ತೈದು" ಅಂದಳು ಹುಡುಗಿ, ಬರೆದೂಬಿಟ್ಟಳು. ಮಿಕ್ಕ ಮಕ್ಕಳು ಸುಮ್ಮನಿದ್ದರು. ನನಗೂ ಅದು ಸರಿಯೇ ಅನ್ನಿಸಿತು, ನನ್ನ ಗಣಿತ ಗೊತ್ತೇ ಇದೆಯಲ್ಲ. ಎಲ್ಲ ಸುಸೂತ್ರವಾಗಿ ಮುಗಿಯುತ್ತಿದೆ ಅಂತ ಉಸಿರು ಬಿಡುವುದರಲ್ಲಿದ್ದೆ.

"ನಿಲ್ಲು" ಅಂದಳು ಅವಳು. "ಮನೆ ಕೇಳದೆ ಮುಂದೆ ಹೋಗಬಾರದು. ಎಂಟು ಯಾವ ಮನೆಯೋನು?"

"ಸಮ."

"ಸಮದ ಮನೆಯೋನು ಯಾರನ್ನ ಗುಣಿಸಿಕೊಂಡು ಬಂದ್ರೂ ವಾಪಸ್ಸು ಎಲ್ಲಿಗೆ ಬರ್ತಾನೆ?"

"ಸಮದ ಮನೆಗೆ."

"ನೀನು ಬರೆದಿದೀಯಲ್ಲ, ಅವನು ಯಾವ ಮನೆ?"

ಹುಡುಗಿ ಬೋರ್ಡು ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು, "ಬೆಸ ಮೇಡಂ" ಅಂದಳು.

"ಮತ್ತೆ? ಯಾರ ಮನೆಗೆ ನುಗ್ಗಿದಾನೆ ನೋಡು. ಅಳಿಸು."

ಹುಡುಗಿ ಬೆರಳು ಮಡಚಿ ಮಡಚಿ ಐವತ್ತಾರು ಅಂತ ಬರೆದಳು, ಕೂಡಿ ನೂರಾ ಇಪ್ಪತ್ತಾರು ಅಂತ ಬರೆದಳು. ನಾನು ಸ್ಟೂಲಿನಿಂದ ಎದ್ದೇ ನಿಂತಿದ್ದೆ. ಎರಡಕ್ಕೆ ಮೂರು ಕೂಡಲಾಗದವಳು, ಎಂಟು ಸಮವೆನ್ನುವುದನ್ನೂ ಮಕ್ಕಳ ಬಾಯಿಂದಲೇ ಕೇಳಿ ತಿಳಿಯಬೇಕಾದವಳು, ನನ್ನ ಕಣ್ಣೆದುರೇ ಗುಣಾಕಾರದಲ್ಲಿ ತಪ್ಪು ಹಿಡಿದಿದ್ದಳು. ಹಿಂದಿನ ದಿನ ಅಡುಗೆಮನೆಯಲ್ಲಿ ಆದದ್ದಕ್ಕಿಂತ ದೊಡ್ಡ ಆಘಾತ ಇದು. ಅವತ್ತು ಅತ್ತಿದ್ದೆ. ಈಗ ಅಳಬೇಕೋ ನಗಬೇಕೋ ತಿಳಿಯದೆ ಕಂಬ ಹಿಡಿದುಕೊಂಡೆ.

ಮಕ್ಕಳು ಹೋದ ಮೇಲೆ ತಂಗಿಯ ಫೋನ್ ಬಂತು. ಇವಳು ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು. ಅಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಏನ್ರೀ, ಲೆಕ್ಕ ಬರುತ್ತಾ?"

"ಮಕ್ಕಳು ಮಾಡಿದ ಲೆಕ್ಕದಲ್ಲಿ ತಪ್ಪು ಹಿಡಿದ್ಲು ಕಣ್ರೀ. ನನಗೇ ಗೊತ್ತಾಗಿರ್ಲಿಲ್ಲ" ಅಂದೆ. ಒಂದಕ್ಷರ ಸುಳ್ಳಿಲ್ಲ. ತಂಗಿ, "ಸದ್ಯ ಬಿಡಿ" ಅಂತ ದೊಡ್ಡ ಉಸಿರು ಬಿಟ್ಟು ಫೋನ್ ಇಟ್ಟಳು.

ಇವಳು ಬಟ್ಟೆ ತೆಗೆದುಕೊಂಡು ಬೋರ್ಡು ಒರೆಸತೊಡಗಿದಳು. ಮೇಲಿಂದ ಒರೆಸುತ್ತ ಬಂದು ಕೊನೆಯ ಸಾಲಿನ ಹತ್ತಿರ ಕೈ ನಿಂತಿತು.

"ಆ ಹುಡುಗಿ ಕೊನೇಲಿ ಬರೆದ್ಲಲ್ಲ, ಅದು ಸರಿನಾ?"

ನಾನು ಸೀಮೆಸುಣ್ಣ ತೆಗೆದುಕೊಂಡು, ಒರೆಸಿದ ಜಾಗದಲ್ಲಿ ಹದಿನೆಂಟನ್ನು ಏಳು ಸಲ ಒಂದರ ಕೆಳಗೊಂದು ಬರೆದು, ಬೆರಳಲ್ಲಿ ಎಣಿಸಿ ಕೂಡಿದೆ. ಅವಳು ಪಕ್ಕದಲ್ಲಿ ನಿಂತು, ಉತ್ತರ ಬರೆದ ಮಗು ಕಾಯುವ ಹಾಗೆ ಕಾದಳು.

"ಸರಿ ಇದೆ. ನೂರಾ ಇಪ್ಪತ್ತಾರು."

ಅವಳು ಆ ಸಂಖ್ಯೆಯನ್ನು ನೋಡುತ್ತ ನಿಂತಳು.

"ಅದು ದೊಡ್ಡದೇನೇ?"

"ಹೂಂ ಕಣೇ" ಅಂದೆ. "ಸಾಕಷ್ಟು ದೊಡ್ಡದು."

"ಹಂಗಾದ್ರೆ ಇರ್ಲಿ ಬಿಡು" ಅಂದಳು. "ನಾಳೆ ಮಕ್ಕಳು ಬಂದು ಒರೆಸ್ಲಿ."